ಮಳೆಗಾಲದ ಬ್ಯಾಗ್ ವಿಷ್ಯ
ಎಲ್ರಿಗೂ ನಮಸ್ಕಾರ, 2018ರ ಆಗಸ್ಟಲ್ಲಿ ಮಡಿಕೇರಿ ಕಡೆ ಗುಡ್ಡ ಕುಸಿದಾಗ ಉಟ್ಟ ಬಟ್ಟೇಲೇ ಓಡಿದವ್ರು ನಮ್ಮ ಗ್ರೂಪಲ್ಲೇ ಇದಾರೆ, ಅದಕ್ಕೇ ಈಗ್ಲೇ ಹೇಳ್ತಿರೋದು. ತುರ್ತಿಗೆ ಬೇಕಾಗೋ ಸಾಮಾನೆಲ್ಲಾ ಒಂದೇ ಟ್ರಂಕಲ್ಲಿ ತುಂಬ್ಬೇಡಿ, ಅದನ್ನ ಹೊತ್ಕೊಂಡು ಓಡಕ್ಕಾಗಲ್ಲ. ಬಾಗಿಲ ಹತ್ರ ಒಂದ್ ಸಣ್ಣ ಬ್ಯಾಗ್, ಅದ್ರಲ್ಲಿ ಟಾರ್ಚು, ಪವರ್ ಬ್ಯಾಂಕು, ಬಿಪಿ ಶುಗರ್ ಮಾತ್ರೆ ವಾರಕ್ಕಾಗೋಷ್ಟು, ಓಆರ್‌ಎಸ್, ಆಧಾರ್ ಆರ್‌ಟಿಸಿ ಜೆರಾಕ್ಸು ಪ್ಲಾಸ್ಟಿಕ್ ಕವರಲ್ಲಿ, ಆಮೇಲೆ ಸ್ವಲ್ಪ ಕ್ಯಾಶು ಯಾಕಂದ್ರೆ ನೆಟ್ವರ್ಕ್ ಹೋದ್ರೆ ಫೋನ್‌ಪೇ ಎಲ್ಲಿ ನಡಿಯುತ್ತೆ. ಅಕ್ಕಿ, ಅವಲಕ್ಕಿ, ನೀರಿನ ಕ್ಯಾನು, ಟಾರ್ಪಾಲು ಬೇರೆ ಡಬ್ಬೀಲಿ, ಅದು ರೋಡ್ ಬ್ಲಾಕಾಗಿ ಮನೇಲೇ ಉಳ್ಕೊಂಡ್ರೆ. ಟಾರ್ಚಿನ ಸೆಲ್ ತೆಗೆದು ಪಕ್ಕದಲ್ಲಿಡಿ, ನಂದು ಹೋದ್ವರ್ಷ ಸೋರಿ ಹಾಳಾಯ್ತು. 112 (ಎಮರ್ಜೆನ್ಸಿ), 1077 (ಜಿಲ್ಲೆಯ ವಿಪತ್ತು ಕಂಟ್ರೋಲ್ ರೂಮು) ಸೇವ್ ಮಾಡ್ಕೊಳಿ. ಉದ್ದ ಹಗ್ಗ, ಗರಗಸ ಯಾರ ಮನೇಲಿದೆ ಅಂತ ಇಲ್ಲೇ ಮೆಸೇಜ್ ಹಾಕಿ, ಎಲ್ರೂ ತಗೊಳೋದೇನ್ ಬೇಡ.