ಆಲೆಮನೆಯಿಂದ ವೈವಾವರೆಗೆ: ಕೈ ಹಿಡಿದವರಿಗೆ ನಮಸ್ಕಾರ

ನಿನ್ನೆ ಮಾನಸಗಂಗೋತ್ರಿಯಲ್ಲಿ ನನ್ನ ಪಿಎಚ್‌ಡಿ ವೈವಾ, ಅಂದರೆ ಮೌಖಿಕ ಪರೀಕ್ಷೆ ಮುಗಿಯಿತು. ಹೊರಗೆ ಬಂದು ಮೊದಲು ಮಂಡ್ಯಕ್ಕೆ, ಅವ್ವನಿಗೆ ಫೋನ್ ಮಾಡಿದೆ. "ತಾತ ಇರಬೇಕಿತ್ತು ಕಣೋ" ಅಂದಳು. ಆಮೇಲೆ ಇಬ್ಬರಿಗೂ ಮಾತು ಹೊರಡಲಿಲ್ಲ.

ತಾತ ಆಲೆಮನೆಯಲ್ಲಿ ಪಾಕ ನೋಡುತ್ತಿದ್ದವರು. ತಣ್ಣೀರಿಗೆ ಒಂದು ತೊಟ್ಟು ಪಾಕ ಬಿಟ್ಟು, ಎರಡು ಬೆರಳಲ್ಲಿ ಹಿಚುಕಿ ಹದ ಹೇಳುತ್ತಿದ್ದರು. ಅದೇ ಬೆರಳು ಆಮೇಲೆ ಕಾಫಿ ಲೋಟ ಹಿಡಿದರೂ ನಡುಗುತ್ತಿತ್ತು. ಚೆಲ್ಲಬಾರದು ಅಂತ ಅಜ್ಜಿ ಅರ್ಧ ಲೋಟ ಮಾತ್ರ ಹಾಕುತ್ತಿದ್ದರು. ವಯಸ್ಸಾಯ್ತು, ಅದಕ್ಕೇ ನಡುಕ ಅಂತ ನಾವೆಲ್ಲ ಸುಮ್ಮನಿದ್ದೆವು. ಪಾರ್ಕಿನ್ಸನ್ ಅಂತ ಗೊತ್ತಾಗುವಷ್ಟರಲ್ಲಿ ತುಂಬಾ ತಡವಾಗಿತ್ತು.

ಎಂಎಸ್ಸಿಯಲ್ಲಿ ನಮ್ಮ ಮೇಷ್ಟ್ರು ಒಂದು ದಿನ ಬೋರ್ಡ್ ಮೇಲೆ ಲೆವೊಡೋಪ ಬರೆದರು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮೆದುಳಿನಲ್ಲಿ ಕಡಿಮೆಯಾಗುವ ರಾಸಾಯನಿಕ ಡೋಪಮೈನ್. ಅದನ್ನೇ ಕೊಟ್ಟರೆ ರಕ್ತದಿಂದ ಮೆದುಳಿಗೆ ದಾಟುವುದಿಲ್ಲ. ಕಾರ್ಬಾಕ್ಸಿಲ್ ಅನ್ನೋ ಒಂದು ಪರಮಾಣು ಗುಂಪು ಜಾಸ್ತಿ ಇರುವ ಲೆವೊಡೋಪ ದಾಟುತ್ತದೆ, ಒಳಗೆ ಹೋಗಿ ಡೋಪಮೈನ್ ಆಗುತ್ತದೆ. ನಮ್ಮ ಕಡೆಯ ನಸುಗುನ್ನಿ ಬೀಜದಲ್ಲೂ ಲೆವೊಡೋಪ ಇದೆ ಅಂದರು. ಬೋರ್ಡ್ ಮೇಲಿದ್ದದ್ದು ತಾತನ ಮಾತ್ರೆ! ಆ ಕ್ಲಾಸಿಗೆ, ಆ ಮೇಷ್ಟ್ರಿಗೆ ನಾನು ಋಣಿ.

ಕೆಮಿಸ್ಟ್ರಿ ಹುಡುಗನಿಗೆ ಮೆದುಳಿನ ಗೊಡವೆ ಯಾಕೆ ಅಂತ ಕೇಳಿದವರಿದ್ದರು. ನನ್ನ ಗೈಡ್ ಮಾತ್ರ ನೇರವಾಗಿ ಬಯಾಲಜಿ ಲ್ಯಾಬಿಗೆ ಕರೆದುಕೊಂಡು ಹೋಗಿ ಜಾಗ ಕೊಡಿಸಿದರು. ಆಲ್ಫಾ-ಸೈನ್ಯೂಕ್ಲಿನ್ ಅಂತ 140 ಅಮೈನೋ ಆಮ್ಲಗಳ ಒಂದು ಪ್ರೋಟೀನ್. ಈ ಕಾಯಿಲೆಯಲ್ಲಿ ಅದು ನರಕೋಶದೊಳಗೆ ಗಂಟು ಕಟ್ಟುತ್ತದೆ. ಅದನ್ನು ತಡೆಯುವ ಅಣು ಮಾಡುವುದು ನನ್ನ ಕೆಲಸ. ಮಾಡಿದೆ. ಅಣುವಿನ ರಚನೆ ತೋರಿಸುವ ಎನ್‌ಎಂಆರ್ ಪರೀಕ್ಷೆ ಕೂಡ ಚೆನ್ನಾಗಿ ಬಂತು. ಜೀವಕೋಶಗಳಿಗೆ ಹಾಕಿದರೆ ಎಲ್ಲಾ ಸತ್ತವು. ಮೂರು ಸಲ.

ಆ ಲ್ಯಾಬಿನ ಅಕ್ಕ ಬಂದು, "ಡಿಎಂಎಸ್‌ಒ ಎಷ್ಟು ಹಾಕಿದ್ದೀಯಪ್ಪ?" ಅಂದರು.

"ನೂರಕ್ಕೆ ಐದು."

"ಅಣು ಬಿಟ್ಟು ಬರೀ ಅದನ್ನೇ ಹಾಕಿ ನೋಡು."

ಅದರಲ್ಲೂ ಸತ್ತವು. ಅಣು ಕರಗಿಸಲು ಬಳಸಿದ ಡಿಎಂಎಸ್‌ಒ ದ್ರಾವಕವೇ ಕೋಶಗಳನ್ನು ಕೊಂದಿತ್ತು! ಆಮೇಲೆ ನಾನು 0.1 ಪರ್ಸೆಂಟ್ ದಾಟಿಲ್ಲ. ಅಕ್ಕ, ನಿಮ್ಮ ಕೆಲಸ ಬದಿಗಿಟ್ಟು ರಾತ್ರಿ ಎಂಟರವರೆಗೂ ನನ್ನ ಪಕ್ಕ ಕೂತು ಕೋಶ ಬೆಳೆಸೋದು ಕಲಿಸಿದಿರಿ. ಮರೆಯೋಕಾಗಲ್ಲ.

ಪ್ರೋಟೀನ್ ಗಂಟು ಕಟ್ಟಿದಷ್ಟೂ ಅದಕ್ಕೆ ಬೆರೆಸಿದ ಥಯೋಫ್ಲೇವಿನ್ ಬಣ್ಣ ಹೊಳೆಯುತ್ತದೆ. ನನ್ನ ಅಣು ಇದ್ದ ಕಡೆ ಆ ಹೊಳಪು ತಡವಾಗಿ ಏರಿತು. ಅಷ್ಟೇ. ಇದಿನ್ನೂ ಔಷಧವಲ್ಲ. ಆದರೆ ಆ ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಬ್ಬನೇ ಕೂತು ಅತ್ತಿದ್ದೆ.

ಭಾನುವಾರ ಊರಿಗೆ ಹೋಗುತ್ತಿದ್ದೇನೆ. ಅಜ್ಜಿಗೆ ಓದಲು ಬರುವುದಿಲ್ಲ. ಥೀಸಿಸ್‌ನ ಮೊದಲ ಪುಟದಲ್ಲಿ ತಾತನ ಹೆಸರಿದೆ. ಅಜ್ಜಿಯ ಬೆರಳು ಹಿಡಿದು ಅದರ ಮೇಲಿಟ್ಟು ಓದಿ ಹೇಳಬೇಕು.