ಥೋರ್, ಇಂದ್ರ ಮತ್ತು ನಿಮ್ಮ ಬನದ ರೆಂಜೆ ಮರ

ಉಡುಪಿ, ಆಟಿ ತಿಂಗಳು

ಪ್ರೀತಿಯ ಗೆಳೆಯ,

ಮೊನ್ನೆ ನೀನು ಫೋನ್ ಮಾಡಿದಾಗ ನಿನ್ನ ಮಗ ಮಧ್ಯೆ ಫೋನ್ ಕಸಿದುಕೊಂಡು ಕೇಳಿದನಲ್ಲ, ‘ಮಾಮ, ಥೋರ್ ಸ್ಟ್ರಾಂಗಾ, ಇಂದ್ರ ಸ್ಟ್ರಾಂಗಾ?’ ಅಂತ. ಆಗ ಸುಮ್ನೆ ನಕ್ಕು ತಪ್ಪಿಸಿಕೊಂಡೆ. ಇವತ್ತು ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ, ಕರೆಂಟೂ ಇಲ್ಲ. ಅವನಿಗೊಂದು ಉತ್ತರ ಬರೆಯುವ ಅಂತ ಕೂತೆ. ನಿನಗೂ ಒಂದು ವಿಷಯ ಹೇಳಲಿಕ್ಕೆ ಉಂಟು. ಅದು ಕೊನೆಗೆ.

ಥೋರ್ ಉತ್ತರ ಯುರೋಪಿನ ಹಳೆಯ ಜನರ ದೇವರು. ಇಬ್ಬರೂ ಗುಡುಗು ಸಿಡಿಲಿನವರೇ. ಇಂದ್ರನಿಗೆ ವಜ್ರಾಯುಧ, ಥೋರನಿಗೆ ಸುತ್ತಿಗೆ. ಆ ಸುತ್ತಿಗೆಯ ಹಿಡಿ ಸ್ವಲ್ಪ ಗಿಡ್ಡ. ಕುಳ್ಳರು ಅದನ್ನು ಕುಲುಮೆಯಲ್ಲಿ ಮಾಡುವಾಗ ಲೋಕಿ ಎಂಬ ಕಿಡಿಗೇಡಿ ದೇವರು ನೊಣವಾಗಿ ಬಂದು ತಿದಿ ಒತ್ತುವವನ ರೆಪ್ಪೆಗೆ ಕಚ್ಚಿದ್ದನಂತೆ. ನಮ್ಮ ಯಕ್ಷಗಾನದ ಆಟಗಳಲ್ಲಿ ದೇವೇಂದ್ರನ ಗತಿ ನಿನಗೆ ಗೊತ್ತೇ ಉಂಟು. ಒಡ್ಡೋಲಗ ಮುಗಿದು ಸರಿಯಾಗಿ ಕೂರುವುದರೊಳಗೆ ಯಾವನೋ ದೈತ್ಯ ಬಂದು ಸಿಂಹಾಸನದಿಂದ ಇಳಿಸಿರುತ್ತಾನೆ. ಆದರೆ ಋಗ್ವೇದದ ಇಂದ್ರ ಅಂಥವನಲ್ಲ. ನೀರನ್ನೆಲ್ಲ ಅಡ್ಡಗಟ್ಟಿ ಮಲಗಿದ್ದ ವೃತ್ರನನ್ನು ಸೀಳಿ ಹೊಳೆಗಳನ್ನು ಹರಿಸಿದವನು. ಅಲ್ಲಿ ವೃತ್ರನನ್ನು ‘ಅಹಿ’ ಅಂತಲೂ ಕರೆಯುತ್ತಾರೆ. ಅಹಿ ಎಂದರೆ ಹಾವು.

ಥೋರನ ಶತ್ರುವೂ ಹಾವೇ! ಯೋರ್ಮುಂಗಂಡ್ ಅಂತ ಅದರ ಹೆಸರು. ಇಡೀ ಭೂಮಿಯನ್ನು ಸುತ್ತಿ, ತನ್ನ ಬಾಲವನ್ನು ತಾನೇ ಕಚ್ಚಿಕೊಂಡು ಕಡಲಲ್ಲಿ ಬಿದ್ದಿದೆ. ಅದನ್ನು ಹಿಡಿಯಲಿಕ್ಕೆ ಥೋರ್ ಒಬ್ಬ ದೈತ್ಯನ ದೋಣಿ ಹತ್ತಿ ಗಾಳ ಹಾಕಲು ಹೋದ. ಗಾಳಕ್ಕೆ ಸಿಕ್ಕಿಸಿದ್ದು ಎತ್ತಿನ ತಲೆ. ಹಾವು ಕಚ್ಚಿತು. ಥೋರ್ ಎಳೆದ ಎಳೆತಕ್ಕೆ ಅವನ ಕಾಲು ದೋಣಿಯ ಅಡಿಯನ್ನೇ ತೂತು ಮಾಡಿ ಕಡಲಿನ ತಳಕ್ಕೆ ಊರಿತು. ಹಾವಿನ ತಲೆ ಮೇಲೆ ಬಂತು, ಇನ್ನೇನು ಸುತ್ತಿಗೆ ಬೀಸಬೇಕು, ಅಷ್ಟರಲ್ಲಿ ಹೆದರಿ ಸತ್ತ ದೈತ್ಯ ಚೂರಿಯಿಂದ ಹಗ್ಗ ಕೊಯ್ದುಬಿಟ್ಟ. ನಮ್ಮ ಮಲ್ಪೆ ಬಂದರಿನಲ್ಲಿ ಯಾರಾದರೂ ಹೀಗೆ ಮಾಡಿದರೆ ಮರುದಿನದಿಂದ ಅವನನ್ನು ಬೋಟಿಗೆ ಹತ್ತಿಸುತ್ತಿರಲಿಲ್ಲ. 13ನೇ ಶತಮಾನದಲ್ಲಿ ಐಸ್‌ಲ್ಯಾಂಡಿನ ಸ್ನೋರಿ ಎಂಬವನು ಈ ಕಥೆ ಬರೆದಿಟ್ಟಿದ್ದಾನೆ. ಲೋಕ ಮುಗಿಯುವ ದಿನ ಇಬ್ಬರೂ ಮತ್ತೆ ಎದುರಾಗುತ್ತಾರಂತೆ. ಥೋರ್ ಹಾವನ್ನು ಕೊಲ್ಲುತ್ತಾನೆ, ಒಂಬತ್ತು ಹೆಜ್ಜೆ ನಡೆಯುತ್ತಾನೆ, ಅದರ ವಿಷಕ್ಕೆ ತಾನೂ ಬೀಳುತ್ತಾನೆ.

ಮಗನಿಗೆ ಇನ್ನೊಂದು ಹೇಳು. ಅವನ ಥೋರ್ ಒಮ್ಮೆ ಸ್ತ್ರೀವೇಷ ಹಾಕಿದ್ದ! ಥ್ರೈಮ್ ಎಂಬ ದೈತ್ಯ ಸುತ್ತಿಗೆ ಕದ್ದು, ಫ್ರೇಯಾ ದೇವಿಯನ್ನು ಮದುವೆ ಮಾಡಿಕೊಟ್ಟರೆ ಮಾತ್ರ ವಾಪಸು ಎಂದ. ಥೋರನೇ ಮದುಮಗಳಾಗಿ ಹೋದ, ಲೋಕಿ ಗೆಳತಿಯಾಗಿ ಜೊತೆಗೆ. ಊಟಕ್ಕೆ ಕೂತ ಮದುಮಗಳು ಒಂದು ಇಡೀ ಎತ್ತು, ಎಂಟು ಮೀನು ಖಾಲಿ ಮಾಡಿದಳು. ಗಾಬರಿಯಾದ ಥ್ರೈಮ್‌ಗೆ ಲೋಕಿ, ‘ನಿಮ್ಮನ್ನು ನೋಡುವ ಆಸೆಯಲ್ಲಿ ಎಂಟು ರಾತ್ರಿ ಉಪವಾಸ ಇದ್ದಳು ಪಾಪ’ ಎಂದ. ನಮ್ಮ ಕೀಚಕ ವಧೆಯ ಭೀಮ ನೆನಪಾಗುವುದಿಲ್ವಾ? ಈ ಪಾತ್ರಕ್ಕೆ ಒಳ್ಳೆ ಹಾಸ್ಯಗಾರ ಒಬ್ಬ ಸಿಕ್ಕಿದರೆ ಬೆಳಗಿನವರೆಗೆ ಎಳೆಯಬಹುದು.

ಇರಲಿ, ಹಾವಿಗೆ ಬರುತ್ತೇನೆ. ಹುಡುಕುತ್ತಾ ಹೋದ ಹಾಗೆ ಎಲ್ಲ ಕಡೆ ಇದೇ ಕಥೆ ಮಾರಾಯ. ಗ್ರೀಕರ ಅಪೊಲೊ ಡೆಲ್ಫಿಯಲ್ಲಿ ಪೈಥಾನನ್ನು ಬಾಣ ಬಿಟ್ಟು ಕೊಂದ. ಜಪಾನಿನ ಸುಸಾನೋ ಎಂಟು ತಲೆಯ ಹಾವಿಗೆ ಎಂಟು ಬಾನೆಯಲ್ಲಿ ಅಕ್ಕಿಯ ಶರಾಬು ಇಟ್ಟು, ಅದು ಕುಡಿದು ಮಲಗಿದ ಮೇಲೆ ಕಡಿದ. ಬಲಿಯಾಗಬೇಕಿದ್ದ ಹುಡುಗಿಯನ್ನು ಅಷ್ಟು ಹೊತ್ತು ಬಾಚಣಿಗೆ ಮಾಡಿ ತಲೆಗೂದಲಲ್ಲಿ ಸಿಕ್ಕಿಸಿಕೊಂಡಿದ್ದ. ಈಜಿಪ್ಟಿನಲ್ಲಿ ಸೂರ್ಯದೇವ ರಾ ರಾತ್ರಿಯಿಡೀ ಪಾತಾಳದಲ್ಲಿ ದೋಣಿಯಲ್ಲಿ ಹೋಗುವಾಗ ಅಪೆಪ್ ಎಂಬ ಹಾವು ನುಂಗಲು ಬರುತ್ತದೆ. ದಿನಾ ಸೋಲುತ್ತದೆ, ದಿನಾ ಬರುತ್ತದೆ. ಅಲ್ಲಿನ ಪೂಜಾರಿಗಳು ಮೇಣದಲ್ಲಿ ಅದರ ಗೊಂಬೆ ಮಾಡಿ, ಉಗುಳಿ, ಬೆಂಕಿಗೆ ಹಾಕುತ್ತಿದ್ದರು. ಅದೇ ಈಜಿಪ್ಟಿನ ರಾಜರ ಹಣೆಯ ಮೇಲೆ ಹೆಡೆ ಎತ್ತಿದ ನಾಗರಹಾವು ಯಾವುದು? ವಾಜೆಟ್ ದೇವಿ, ರಾಜನನ್ನು ಕಾಯುವವಳು. ಒಂದನ್ನು ಸುಟ್ಟರು, ಇನ್ನೊಂದನ್ನು ತಲೆಯ ಮೇಲೆ ಇಟ್ಟುಕೊಂಡರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅಥೆನ್ಸಿನ ಒಂದು ಸಂಗತಿ. ಅಪೊಲೊ ಹಾವು ಕೊಂದ ದೇಶವೇ ಅದು. ಆದರೆ ಅಥೆನ್ಸಿನ ಗುಡ್ಡದ ಮೇಲಿನ ಗುಡಿಯಲ್ಲಿ ಊರು ಕಾಯುವ ದೊಡ್ಡ ಹಾವೊಂದು ಉಂಟು ಅಂತ ಜನ ನಂಬಿದ್ದರು. ತಿಂಗಳಿಗೊಮ್ಮೆ ಅದಕ್ಕೆ ಜೇನಿನ ರೊಟ್ಟಿ ಇಡುತ್ತಿದ್ದರು. ಪ್ರತಿ ಸಲ ರೊಟ್ಟಿ ಖಾಲಿಯಾಗುತ್ತಿತ್ತು. ಕ್ರಿ.ಪೂ. 480ರಲ್ಲಿ ಪರ್ಷಿಯಾದ ಸೈನ್ಯ ಬರುವಾಗ ಮೊದಲ ಬಾರಿ ರೊಟ್ಟಿ ಇಟ್ಟ ಹಾಗೇ ಉಳಿಯಿತು. ಪೂಜಾರಿಣಿ ಅದನ್ನು ಹೇಳಿದಳು. ಊರ ದೇವಿ ಅಥೀನಾಳೇ ಗುಡ್ಡ ಬಿಟ್ಟು ಹೋಗಿದ್ದಾಳೆ ಅಂದುಕೊಂಡು ಜನ ಬೇಗ ಬೇಗ ಊರು ಬಿಟ್ಟರು. ಇದನ್ನು ಬರೆದ ಹೆರೊಡೊಟಸ್ ಹಾವನ್ನು ಕಣ್ಣಾರೆ ಕಂಡೆ ಎನ್ನುವುದಿಲ್ಲ, ಜನ ಹೀಗೆ ಹೇಳುತ್ತಾರೆ ಎನ್ನುತ್ತಾನೆ ಅಷ್ಟೆ.

ಓದುವಾಗ ನಿನ್ನ ಅಮ್ಮ ಕಣ್ಣೆದುರು ಬಂದರು. ನಾಗರ ಪಂಚಮಿ ದಿನ ಸ್ನಾನ ಮಾಡಿ, ಹಾಲು, ಬೊಂಡ, ಅರಸಿನ, ಸಿಂಗಾರ (ಅಡಿಕೆಯ ಹೂ), ಕೇದಗೆ ಹಿಡಿದುಕೊಂಡು ಒದ್ದೆ ಹಾದಿಯಲ್ಲಿ ಬರಿಗಾಲಲ್ಲಿ ನಾಗಬನಕ್ಕೆ ಹೋಗುತ್ತಿದ್ದದ್ದು. ನಾಗನ ಕಲ್ಲಿಗೆ ತನು (ಹಾಲು, ಬೊಂಡದ ನೀರು) ಎರೆದ ಮೇಲೆ ಹಿಂದೆ ತಿರುಗಿ ನೋಡಬೇಡಿ ಎಂದು ನಮ್ಮಿಬ್ಬರನ್ನು ಗದರುತ್ತಿದ್ದದ್ದು. ಅವರೂ ಹಾವು ಕುಡಿದದ್ದನ್ನು ನೋಡಿದವರಲ್ಲ.

ನಾವೇನು ಹಾವು ಕೊಲ್ಲದ ಜನ ಅಂತ ಹೇಳುತ್ತಿಲ್ಲ. ನಮ್ಮ ಮಹಾಭಾರತ ಶುರುವಾಗುವುದೇ ಸರ್ಪಯಾಗದಲ್ಲಿ. ಅದರ ಬೇರು ಇನ್ನೂ ಹಿಂದೆ, ಖಾಂಡವವನದಲ್ಲಿ ಉಂಟು. ಕೃಷ್ಣಾರ್ಜುನರು ಕಾಡಿಗೆ ಬೆಂಕಿ ಹಾಕಿಸಿದರು. ಅಲ್ಲಿದ್ದ ನಾಗರಾಜ ತಕ್ಷಕ ಆ ದಿನ ಊರಲ್ಲಿ ಇರಲಿಲ್ಲ. ಅವನ ಹೆಂಡತಿ ಸತ್ತಳು, ಮಗ ಮಾತ್ರ ತಪ್ಪಿಸಿಕೊಂಡ. ಮುಂದೆ ಅರ್ಜುನನ ಮೊಮ್ಮಗ ಪರೀಕ್ಷಿತನಿಗೆ ಶಾಪ ಕೊಟ್ಟದ್ದು ಋಷಿಕುಮಾರ ಶೃಂಗಿ ಇರಬಹುದು, ಕಚ್ಚಿದ್ದು ತಕ್ಷಕನೇ. ಪರೀಕ್ಷಿತನ ಮಗ ಜನಮೇಜಯ ಹಾವುಗಳನ್ನೆಲ್ಲ ಬೆಂಕಿಗೆ ಕರೆದ. ನಿಲ್ಲಿಸಿದವನು ಆಸ್ತೀಕ, ಒಬ್ಬ ಹುಡುಗ. ಅವನ ತಾಯಿ ನಾಗಕನ್ಯೆ. ಯಾಗ ನಿಂತ ದಿನವೇ ಪಂಚಮಿ ಅಂತ ಹೇಳುವುದುಂಟು.

ಈಗ ನಿನ್ನ ವಿಷಯ. ನಿಮ್ಮ ಕುಟುಂಬದವರು ಬನದ ಜೀರ್ಣೋದ್ಧಾರ ಅಂತ ಹೊರಟಿದ್ದಾರಲ್ಲ, ನೀನೂ 50,000 ಬರೆಸಿದ್ದೀಯಂತೆ. ನಿನ್ನೆ ಹೋಗಿ ನೋಡಿದೆ. ಕಲ್ಲಿನ ಕಟ್ಟೆ, ಸುತ್ತ ಕಂಪೌಂಡು, ನೆಲಕ್ಕೆಲ್ಲ ಇಂಟರ್‌ಲಾಕ್, ಕಾರು ನಿಲ್ಲಿಸಲಿಕ್ಕೆ ಜಾಗ. ಅದಕ್ಕಾಗಿ ರೆಂಜೆ (ಬಕುಳ) ಮರಕ್ಕೂ ಎರಡು ಸುರಗಿಗೂ ಸುಣ್ಣದಲ್ಲಿ ಗುರುತು ಹಾಕಿದ್ದಾರೆ. ಅದೇ ರೆಂಜೆ, ನಾವು ಹೂ ಹೆಕ್ಕಲಿಕ್ಕೆ ಹೋಗಿ ಹಾವಿನ ಪೊರೆ ಕಂಡು ಓಡಿದ್ದು. ಕಲ್ಲು ಹಾಳಾಗಿದ್ದರೆ ಹೊಸ ಕಲ್ಲು ಪ್ರತಿಷ್ಠೆ ಮಾಡಲಿ, ಬೇಡ ಅಂದವರು ಯಾರು? ಆದರೆ ಇಂಟರ್‌ಲಾಕ್ ಮೇಲೆ ಹಾಲು ಎರೆದು ಯಾರನ್ನು ಕರೆಯುವುದು? ನಾನು ಹೊರಗಿನವ, ನನ್ನ ಮಾತು ಅಲ್ಲಿ ನಡೆಯುವುದಿಲ್ಲ. ದುಡ್ಡು ಕೊಟ್ಟವನ ಮಾತು ನಡೆಯುತ್ತದೆ.

ಅವರ ಮೀಟಿಂಗು ಪಂಚಮಿಗಿಂತ ಮೊದಲಿನ ಭಾನುವಾರ. ಶನಿವಾರ ರಾತ್ರಿಯ ಬಸ್ಸಿಗೆ ಹೊರಡು, ಮಗನನ್ನೂ ಕರೆದುಕೊಂಡು ಬಾ. ಅರಸಿನ ಎಲೆ ನಮ್ಮ ಹಿತ್ತಿಲಲ್ಲಿ ಬೇಕಾದಷ್ಟು ಉಂಟು, ಅದರಲ್ಲಿ ಗಟ್ಟಿ (ಎಲೆಯ ಕಡುಬು) ಮಾಡಿಸುತ್ತೇನೆ.

ಹಾಂ, ಅವನ ಪ್ರಶ್ನೆ. ತಿನ್ನುವುದರಲ್ಲಿ ಥೋರ್ ಮುಂದೆ. ಕುಡಿಯುವುದರಲ್ಲಿ ಇಬ್ಬರೂ ಸಮ. ಓದಿ ಹೇಳುವಾಗ ಈ ಎರಡನೆಯದ್ದನ್ನು ಬಿಟ್ಟುಬಿಡು.

ಇಂತು ನಿನ್ನ ಗೆಳೆಯ