ಅಜ್ಜಿಯ ಅಡುಗೆ ಪುಸ್ತಕವನ್ನು ಉಳಿಸಿಕೊಟ್ಟ ಹಿರಿಯರಿಗೆ

ಮನೆಯ ಮಾಡು ಸೋರಿ ಅಜ್ಜಿಯ ಕೈಬರಹದ ಅಡುಗೆ ಪುಸ್ತಕ ನೆನೆದು ಮುದ್ದೆಯಾದಾಗ, ಅವರ ಹಳ್ಳಿಯಡುಗೆಯ ರುಚಿ ಇನ್ನು ನೆನಪಿನಲ್ಲಷ್ಟೇ ಉಳಿಯುತ್ತದೆಂದು ನಾನು ಕಂಗಾಲಾಗಿದ್ದೆ. ಪುಸ್ತಕ ಕಟ್ಟುವ ಹಿರಿಯರೊಬ್ಬರು ಅದನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡು, ಅಂಟಿದ ಹಾಳೆಗಳನ್ನು ಎಳೆಯಬಾರದು, ಬಿಸಿಲಿಗೂ ಇಡಬಾರದು ಎಂದು ತಿಳಿಸಿ, ನಡುನಡುವೆ ಹೀರುಕಾಗದವನ್ನಿಟ್ಟು, ಅದು ಒದ್ದೆಯಾದಂತೆಲ್ಲ ಬದಲಿಸುತ್ತ, ನೆರಳಿನಲ್ಲಿ ಫ್ಯಾನಿನ ಗಾಳಿಗೆ ತಾಳ್ಮೆಯಿಂದ ಒಣಗಿಸಿದರು. ಎಣ್ಣೆ ಸಿಡಿದಿದ್ದ ಪುಟವೊಂದನ್ನು ಒರೆಸಲು ಹೋಗದೆ, “ಇದು ಅವರ ಕೈಯದೇ ಗುರುತು, ಇರಲಿ” ಎಂದರು. ಪೆನ್ಸಿಲಿನಲ್ಲಿ ಬರೆದದ್ದರಿಂದ ಅಕ್ಷರಗಳು ಹರಡಿರಲಿಲ್ಲ. “ಕಾಳನ್ನು ರಾತ್ರಿಯೇ ನೆನೆಹಾಕು, ಉರಿ ಸಣ್ಣದಿರಲಿ” ಎಂಬ ಸಾಲು ಓದಲು ಸಿಕ್ಕಾಗ ಮನಸ್ಸು ಹಗುರವಾಯಿತು. ಕೇಳಿದರೂ ಹೆಸರು ಹೇಳದ ಆ ಹಿರಿಯರಿಗೆ ನಮ್ಮ ಮನೆಯವರೆಲ್ಲರ ಮನಃಪೂರ್ವಕ ಧನ್ಯವಾದಗಳು.